ಹಲ್ಲಿನ ಇಂಪ್ಲಾಂಟ್ ಗಟ್ಟಿ ನಿಂದರ್ಲಾಕ ಏನೇನ್ ಬೇಕ್ರಿ? ಪದೇ ಪದೇ ಕೇಳೋ ಪ್ರಶ್ನೆಗಳು

ಕಲಬುರಗಿ, ಬೀದರ, ಯಾದಗಿರಿ ಕಡಿಂದ ಹಲ್ಲ್ ತೋರಿಸ್ಲಾಕ ಬರೋ ಮಂದಿ ಇಂಪ್ಲಾಂಟ್ ಬಗ್ಗೆ ಕೇಳೋ ಪ್ರಶ್ನೆ ಹೆಚ್ಚುಕಮ್ಮಿ ಇವೇ ಅವ. ಎಲ್ಲಾಕಿಂತ ಮೊದಲ್ ಕೇಳೋದು ಯಾವ ಕಂಪನಿದು, ಎಷ್ಟ್ ರೊಕ್ಕ ಅಂತ. ಅವನ್ನೂ ಕೇಳಬೇಕು, ತಪ್ಪಿಲ್ಲ. ಆದ್ರ ಇಂಪ್ಲಾಂಟ್ ನಿಂದರೋದು ಬೀಳೋದು ನಿಮ್ಮ ಎಲುಬು, ನಿಮ್ಮ ವಸಡು, ರಕ್ತದಾಗಿನ ಶುಗರ್, ಬಾಯಾಗಿನ ತಂಬಾಕು, ಆಮ್ಯಾಲ ಹಾಕೋರ ಕೈ, ಇವುಗಳ ಮ್ಯಾಲ ಭಾಳ ನಿಂತದ. ಲಕ್ಷಗಟ್ಲೆ ಖರ್ಚ್ ಮಾಡಿ ವರ್ಷದಾಗ ಕಳಕೊಂಡೋರ್ನ ನೋಡಿದ್ರ ಹೊಟ್ಟಿ ಉರೀತದ್ರಿ, ಯಾಕಂದ್ರ ಅದ್ರಾಗ ಭಾಳಷ್ಟು ಮೊದಲೇ ತಪ್ಪಿಸಬಹುದಿತ್ತು. ಅದಕ್ಕ ಜರಾ ಬಿಡಿಸೇ ಬರ್ದೀನಿ.

ಇಂಪ್ಲಾಂಟ್ ಅಂದ್ರ ಖರೇ ಏನ್ರಿ, ಕಟ್ಟಿಸಿದ ಹಲ್ಲಿಗೂ ಇದಕ್ಕೂ ಏನ್ ಫರಕ್?

ಇಂಪ್ಲಾಂಟ್ ಅಂದ್ರ ಹಲ್ಲಲ್ಲ, ಹಲ್ಲಿನ ಬೇರಿನ ಜಾಗಕ್ಕ ದವಡಿ ಎಲುಬಿನೊಳಗ ಕೂಡಿಸೋ ಟೈಟೇನಿಯಂ ಸ್ಕ್ರೂ. ಸುಮಾರು 3.5ರಿಂದ 5 ಮಿಲಿಮೀಟರ್ ದಪ್ಪ, 8ರಿಂದ 13 ಮಿಲಿಮೀಟರ್ ಉದ್ದ ಇರ್ತದ. ಅದು ಎಲುಬಿಗೆ ಹತ್ತಿದ ಮ್ಯಾಲ ಒಂದು ಸಣ್ಣ ಕಂಬ, ಕಂಬದ ಮ್ಯಾಲ ಕ್ಯಾಪ್. ಬ್ರಿಜ್ ಕಟ್ಟಿಸಿದ್ರ ಬಾಜೂದ ಚಲೋ ಹಲ್ಲ್ ಎರಡು ತಿಕ್ಕಬೇಕಾಗ್ತದ, ಇದ್ರಾಗ ಅದಿಲ್ಲ.

ಲೋಹ ಎಲುಬಿಗೆ ಹತ್ತಿಕೊಳ್ತದ ಅಂದ್ರ ನಂಬ್ಲಾಕ ಆಗವಲ್ದು. ಹ್ಯಾಂಗ ಹತ್ತತದ?

ಇದು ಗೊತ್ತಾಗಿದ್ದೇ ಅಕಸ್ಮಾತ್. ಸ್ವೀಡನ್ ದೇಶದ ಪರ್ ಇಂಗ್ವಾರ್ ಬ್ರೋನೆಮಾರ್ಕ್ ಅನ್ನೋರು 1952ರಾಗ ಮೊಲದ ಕಾಲಿನ ಎಲುಬಿನೊಳಗ ರಕ್ತ ಹ್ಯಾಂಗ ಹರೀತದ ಅಂತ ನೋಡ್ಲಾಕ ಟೈಟೇನಿಯಂದು ಒಂದು ಸಣ್ಣ ಸಾಧನ ಇಟ್ಟಿದ್ರು, ಕೆಲಸ ಮುಗದು ತೆಗೀಬೇಕಂದ್ರ ಬರ್ಲೇ ಇಲ್ಲ, ಎಲುಬು ಅದನ್ನ ಹಿಡಕೊಂಡು ಬಿಟ್ಟಿತ್ತು. ಅಲ್ಲಿಂದ ವರ್ಷಗಟ್ಲೆ ಕೆಲಸ ಮಾಡಿ 1965ರಾಗ ಯೋಸ್ಟಾ ಲಾರ್ಸನ್ ಅನ್ನೋ ಪೇಷಂಟಿಗೆ ಕೆಳ ದವಡಿಗೆ ಇಂಪ್ಲಾಂಟ್ ಹಾಕಿದ್ರು. ಅವರು 2006ರಾಗ ತೀರಿಕೊಂಡ್ರು, ಅಲ್ಲಿತನಕ 40 ವರ್ಷಕ್ಕೂ ಹೆಚ್ಚು ಅವೇ ಇಂಪ್ಲಾಂಟ್ ಕೆಲಸ ಕೊಟ್ಟವು.

ಟೈಟೇನಿಯಂ ಗಾಳಿಗೆ ಬಂದ ಕೂಡ್ಲೇ ಅದರ ಮೈಮ್ಯಾಲ ಆಕ್ಸೈಡಿನ ಒಂದು ಅತೀ ತೆಳ್ಳನ್ ಪದರ ಕೂಡ್ತದ. ಆ ಪದರದಿಂದ ಅದಕ್ಕ ತುಕ್ಕು ಹಿಡಿಯಂಗಿಲ್ಲ, ಶರೀರನೂ ಅದನ್ನ ಹೊರಗಿನ ವಸ್ತು ಅಂತ ದೂಡಂಗಿಲ್ಲ. ಮೊದಲ್ ರಕ್ತ ಬಂದು ಹೆಪ್ಪುಗಟ್ತದ, ಆಮ್ಯಾಲ ಎಲುಬು ಕಟ್ಟೋ ಜೀವಕೋಶ ಬಂದು ಸ್ಕ್ರೂದ ಮೈಗೇ ಹೊಸ ಎಲುಬು ಕಟ್ಟತಾವ, ನಡುವ ಮೆತ್ತನ್ ಪದರ ಏನೂ ಉಳಿಯಂಗಿಲ್ಲ. ಇದಕ್ಕ ಆಸಿಯೋ ಇಂಟಿಗ್ರೇಷನ್ ಅಂತಾರ. ಮುಂದ ಬರೋ ಪ್ರಶ್ನೆ ಎಲ್ಲಾ ಈ ಎಲುಬು ಕಟ್ಟೋ ಕೆಲಸಕ್ಕ ಯಾವುದು ಅಡ್ಡ ಬರ್ತದ, ಯಾವುದು ನೆರವಾಗ್ತದ ಅನ್ನೋದೇ.

ಎಷ್ಟ್ ಮಂದಿಗೆ ಸಕ್ಸಸ್ ಆಗ್ತದ?

10 ವರ್ಷದ ಮ್ಯಾಲೂ ಸುಮಾರು ನೂರಕ್ಕ 95 ಇಂಪ್ಲಾಂಟ್ ಬಾಯಾಗ ಇರ್ತಾವ ಅಂತ ದೊಡ್ಡ ದೊಡ್ಡ ಅಧ್ಯಯನದಾಗ ಕಂಡದ. ಇಲ್ಲೊಂದು ಮಾತ್ ಲಕ್ಷ್ಯ ಕೊಟ್ಟು ಕೇಳ್ರಿ, ಬಾಯಾಗ ಇರೋದು ಬ್ಯಾರೆ, ಚಲೋ ಇರೋದು ಬ್ಯಾರೆ. ಬುಡದಾಗ ಎಲುಬು ಕರಗಿ ಕೀವು ಸೋರ್ಲತ್ತಿದ್ರೂ ಇಂಪ್ಲಾಂಟ್ ಬಾಯಾಗೇ ಇರಬಹುದು, ಅದು ಲೆಕ್ಕದಾಗ 95ರಾಗೇ ಬರ್ತದ. 1986ರಾಗ ಅಲ್‌ಬ್ರೆಕ್ಟ್‌ಸನ್ ಮತ್ತ ಅವರ ಸಂಗಡಿಗರು ಹಾಕಿದ ಅಳತಿ ಇವತ್ತಿಗೂ ಉಪಯೋಗಕ್ಕ ಬರ್ತದ, ಇಂಪ್ಲಾಂಟ್ ಜರಾನೂ ಅಳ್ಳಾಡಬಾರದು, ನೋವು ಸೋಂಕು ಜೋಮು ಇರಬಾರದು, ಎಕ್ಸ್‌ರೇದಾಗ ಅದರ ಸುತ್ತ ಕರೀ ಗೆರಿ ಕಾಣಬಾರದು, ಮೊದಲ್ನೇ ವರ್ಷ ಮುಗದ ಮ್ಯಾಲ ಎಲುಬು ವರ್ಷಕ್ಕ 0.2 ಮಿಲಿಮೀಟರ್‌ಕಿಂತ ಹೆಚ್ಚು ಇಳೀಬಾರದು. ನಿಮ್ಮ ಡಾಕ್ಟ್ರು ಗ್ಯಾರಂಟಿ ಅಂತ ಹೇಳಿದ್ರ ಯಾವುದರ ಗ್ಯಾರಂಟಿ ಅಂತ ಕೇಳ್ರಿ, ಸ್ಕ್ರೂ ಮುರದ್ರ ಕಂಪನಿ ಸ್ಕ್ರೂ ಕೊಡಬಹುದು, ಎಲುಬು ಯಾರೂ ಕೊಡಂಗಿಲ್ಲ.

ಯಾವ ಕಂಪನಿದು ಹಾಕಿಸ್ಬೇಕು? ಫಾರಿನ್‌ದೇ ಆಗ್ಬೇಕಾ?

ಬ್ರ್ಯಾಂಡಿನಕಿಂತ ಮೊದಲ್ ಎರಡು ಮಾತ್ ಕೇಳ್ರಿ. ಒಂದು, ಆ ಇಂಪ್ಲಾಂಟಿನ ಮೈ ಹ್ಯಾಂಗ ಮಾಡ್ಯಾರ. ಹಳೇ ಕಾಲದಾಗ ನುಣ್ಣಗ ಇರ್ತಿದ್ವು, ಈಗ ಮರಳು ಊದಿ ಆಸಿಡ್‌ದಾಗ ಅದ್ದಿ ಮೈ ಸಣ್ಣಗ ಒರಟು ಮಾಡ್ತಾರ, ಆ ಒರಟುತನ 1ರಿಂದ 2 ಮೈಕ್ರಾನ್ (ಒಂದು ಮೈಕ್ರಾನ್ ಅಂದ್ರ ಮಿಲಿಮೀಟರಿನ ಸಾವಿರದಾಗ ಒಂದು ಪಾಲು) ಇದ್ರ ಎಲುಬು ಲಗೂನ ಮತ್ತ ಹೆಚ್ಚು ಹತ್ತತದ. ಹಾಂಗಂತ ಇನ್ನೂ ಒರಟು ಮಾಡಿದ್ರ ಇನ್ನೂ ಚಲೋ ಅಂತಲ್ಲ, ವಸಡಿನಿಂದ ಹೊರಗ ಬಂತಂದ್ರ ಒರಟು ಮೈಮ್ಯಾಲೇ ಹೊಲಸು ಹೆಚ್ಚು ಕೂಡ್ತದ. ಎರಡ್ನೇದು, ಇನ್ನ 10 ವರ್ಷಕ್ಕ ಒಂದು ಸಣ್ಣ ಸ್ಕ್ರೂ ಸಡ್ಲಾದ್ರ ಅದರ ಸಾಮಾನು ಸಿಗ್ತದಾ. ಹೆಸರೇ ಕೇಳದ ಕಂಪನಿದು ಸೋವಿ ಅಂತ ಹಾಕಿಸ್ಕೊಂಡು ಆಮ್ಯಾಲ ಯಾವ ಊರಾಗೂ ಅದಕ್ಕ ಕೂಡೋ ಕೀಲಿ ಸಿಗ್ಲಾರದೆ ಒದ್ದಾಡೋರು ಇದ್ದಾರ. ನಮ್ಮ ದೇಶದಾಗೂ ಈಗ ಇಂಪ್ಲಾಂಟ್ ಮಾಡ್ತಾರ, ಸಾಮಾನು ಸಿಗೋದು, ಅಧ್ಯಯನ ಆಗಿರೋದು ಇದ್ರ ಹೆದರೋ ಕಾರಣ ಇಲ್ಲ. ಹಾಕಿದ ಮ್ಯಾಲ ಕಂಪನಿ, ಅಳತಿ, ಲಾಟ್ ನಂಬರ್ ಬರದ ಕಾರ್ಡ್ ಇಸ್ಕೊಂಡು ಆಧಾರ್ ಕಾರ್ಡಿನ ಜೋಡಿ ಇಟ್ಕೊಳ್ರಿ.

ಡಾಕ್ಟ್ರು "ನಿಮಗ ಎಲುಬು ಸಾಲಂಗಿಲ್ಲ" ಅಂದ್ರು. ಎಲುಬು ಎಲ್ಲಿ ಹೋಗ್ತದ್ರಿ?

ಹಲ್ಲ್ ಇರೋತನಕ ದವಡಿ ಎಲುಬಿಗೆ ಕೆಲಸ ಇರ್ತದ, ಹಲ್ಲ್ ತಗಸಿದ ಮ್ಯಾಲ ಆ ಜಾಗದ ಎಲುಬು ಕರಗ್ಲಾಕ ಶುರು ಮಾಡ್ತದ. ಹಿಂದಿನ ಹಲ್ಲ್ ತಗಸಿದ ಜಾಗದಾಗ ಒಂದು ವರ್ಷದೊಳಗ ಅಗಲ ಸುಮಾರು ಅರ್ಧಕ್ಕ ಇಳೀತದ, ಅದ್ರಾಗೂ ಮೂರ್ನೇ ಎರಡು ಪಾಲು ಮೊದಲ್ನೇ 3 ತಿಂಗಳದಾಗೇ ಹೋಗಿ ಬಿಡ್ತದ. ನಮ್ ಕಡಿ ಏನಾಗ್ತದಂದ್ರ ಆಷಾಢದಾಗ ಹಲ್ಲ್ ನೋವು ಬಂತು, ಕೀಳಿಸಿದ್ರು, "ತೊಗರಿ ರಾಶಿ ಆಗ್ಲಿ ಸರ್, ರೊಕ್ಕ ಬಂದ ಮ್ಯಾಲ ಬರ್ತೀನಿ" ಅಂತ ಹೋಗ್ತಾರ, ರಾಶಿ ಆಗಿ ಮಾರಿ ಬರೋದ್ರಾಗ ಸಂಕ್ರಾಂತಿ ದಾಟಿರ್ತದ. ರೈತರ ಕೈಯಾಗ ರೊಕ್ಕ ಯಾವಾಗ ಬರ್ತದ ಅನ್ನೋದು ನಮಗೂ ಗೊತ್ತದ, ಅದಕ್ಕ ಹಲ್ಲ್ ತಗಸೋ ದಿನಾನೇ ಹೇಳ್ರಿ, ಮುಂದ ಇಂಪ್ಲಾಂಟ್ ಮಾಡಿಸೋ ವಿಚಾರ ಅದ ಅಂತ. ಆ ಗುಳಿಯೊಳಗ ಆವಾಗೇ ಎಲುಬಿನ ಪುಡಿ ತುಂಬಿ ಮುಚ್ಚಿದ್ರ ಕರಗೋದು ಪೂರ್ತಿ ನಿಂದರಂಗಿಲ್ಲ, ಆದ್ರ ಭಾಳ ಕಮ್ಮಿ ಆಗ್ತದ, ಮುಂದಿನ ದೊಡ್ಡ ಖರ್ಚೂ ಉಳೀಬಹುದು.

ಎಲುಬು ಎಷ್ಟದ ಅನ್ನೋದರ ಜೋಡಿ ಎಂಥಾದ್ ಅದ ಅನ್ನೋದೂ ಮುಖ್ಯ. 1985ರಾಗ ಲೆಖೋಮ್ ಮತ್ತ ಜಾರ್ಬ್ ಅನ್ನೋರು ದವಡಿ ಎಲುಬಿಗೆ ನಾಕ್ ನಮೂನಿ ಮಾಡಿದ್ರು. ಕೆಳ ದವಡಿ ಮುಂಭಾಗ ಶಹಾಬಾದಿ ಪರಸಿ ಇದ್ದಂಗ, ಮ್ಯಾಲಿನ ದವಡಿ ಹಿಂಭಾಗ ಮಳಿ ಬಿದ್ದ ಎರಿ ಹೊಲ ಇದ್ದಂಗ. ಡ್ರಿಲ್ ಹಿಡದೋರಿಗೆ ಇದು ಕೈಗೇ ತಿಳೀತದ, ಕೆಳಗ ಮುಂದ ಹಾಕುವಾಗ ಡ್ರಿಲ್ ತಡದು ತಡದು ಹೋಗ್ತದ, ಮ್ಯಾಲ ಹಿಂದ ಹಾಕುವಾಗ ಒತ್ತೋದೇ ಬ್ಯಾಡ ಸರ್ ಅಂತ ಒಳಗ ಜಾರತದ, ಅಲ್ಲಿ ಗುಳಿ ಬೇಕಂತ್ಲೇ ಜರಾ ಸಣ್ಣದು ಮಾಡಿ ಸ್ಕ್ರೂ ಬಿಗಿ ಕೂಡಿಸ್ತಾರ. ಮೆತ್ತನ್ ಎಲುಬಿನ್ಯಾಗ ಫೇಲ್ ಆಗೋದು ಜರಾ ಹೆಚ್ಚು ಅನ್ನೋದು ಖರೆ, ಆದ್ರ ಈಗಿನ ಒರಟು ಮೈಯ ಇಂಪ್ಲಾಂಟ್ ಬಂದ ಮ್ಯಾಲ ಆ ಫರಕ್ ಕಮ್ಮಿ ಆಗ್ಯಾದ.

ಮ್ಯಾಲಿನ ಹಿಂದಿನ ಹಲ್ಲಿನ ಮ್ಯಾಲ ಸೈನಸ್ ಅಂತ ಗಾಳಿ ಗೂಡು ಇರ್ತದ, ಹಲ್ಲ್ ಹೋಗಿ ವರ್ಷ ಕಳದಂಗ ಅದು ಕೆಳಗ ಇಳೀತದ, ಆವಾಗ ಸೈನಸ್ ಲಿಫ್ಟ್ ಮಾಡಿ ಎಲುಬು ತುಂಬಬೇಕಾಗ್ತದ. ಕೆಳಗ ಹಿಂದ ನರ ಇರ್ತದ, ಅದಕ್ಕೂ ಇಂಪ್ಲಾಂಟಿಗೂ ಕನಿಷ್ಠ 2 ಮಿಲಿಮೀಟರ್ ಜಾಗ ಬಿಡಬೇಕು, ನರಕ್ಕ ತಾಕಿದ್ರ ತುಟಿ ಜೋಮು ಹಿಡೀತದ. ಬಾಜೂದ ಹಲ್ಲಿಂದ 1.5, ಎರಡು ಇಂಪ್ಲಾಂಟಿನ ನಡುವ 3 ಮಿಲಿಮೀಟರ್. ಇದನ್ನೆಲ್ಲಾ ಸಾದಾ ಎಕ್ಸ್‌ರೇದಾಗ ಪೂರ್ತಿ ನೋಡ್ಲಾಕ ಬರಂಗಿಲ್ಲ, ಎಲುಬಿನ ಅಗಲ ಕಾಣ್ಬೇಕಂದ್ರ ಸಿಬಿಸಿಟಿ ಸ್ಕ್ಯಾನ್, ಅಂದ್ರ ದವಡಿನ ಎಲ್ಲಾ ಕಡಿಂದ ತೋರಿಸೋ 3ಡಿ ಎಕ್ಸ್‌ರೇ, ಬೇಕು. ಅದಕ್ಕ ರೊಕ್ಕ ಉಳಸ್ಲಾಕ ಹೋಗಬ್ಯಾಡ್ರಿ.

ನನಗ ಶುಗರ್ ಅದ. ಮಾಡಿಸ್ಬಹುದಾ?

ಶುಗರ್ ಅದ ಅನ್ನೋದೊಂದೇ ಕಾರಣಕ್ಕ ಬ್ಯಾಡ ಅನ್ನಂಗಿಲ್ಲ. ಕಂಟ್ರೋಲ್‌ದಾಗ ಇದ್ದೋರಿಗೆ ಇಂಪ್ಲಾಂಟ್ ಉಳಿಯೋದು ಶುಗರ್ ಇಲ್ಲದೋರ ಸಮ ಸಮಾನೇ ಕಂಡದ. ಕಂಟ್ರೋಲ್ ತಪ್ಪಿದ್ರ ಮಾತ್ರ ಕಥಿ ಬ್ಯಾರೆ. ರಕ್ತದಾಗ ಸಕ್ಕರಿ ಹೆಚ್ಚು ದಿನ ಹೆಚ್ಚು ಇದ್ರ ಅದು ಪ್ರೋಟೀನಿಗೆ ಅಂಟಿಕೊಂಡು ಕೆಟ್ಟ ವಸ್ತು ಆಗ್ತದ, ಸಣ್ಣ ರಕ್ತನಾಳ ದಪ್ಪ ಆಗಿ ಗಾಯಕ್ಕ ರಕ್ತ ಕಮ್ಮಿ ಬರ್ತದ, ಬಿಳೀ ರಕ್ತಕಣ ಸೋಂಕಿನ ಕೂಡ ಸರಿ ಹೊಡದಾಡಂಗಿಲ್ಲ, ಎಲುಬು ಕಟ್ಟೋ ಕೋಶನೂ ನಿಧಾನ ಆಗ್ತಾವ. ಅಂದ್ರ ಇಂಪ್ಲಾಂಟಿಗೆ ಬೇಕಾದ ನಾಕೂ ಕೆಲಸಕ್ಕ ಒಮ್ಮೆಲೇ ಪೆಟ್ಟು.

ಭಾಳ ಮಂದಿ ಮುಂಜಾನಿ ಖಾಲಿ ಹೊಟ್ಟಿ ಶುಗರ್ ತೋರಿಸಿ "110 ಅದ ನೋಡ್ರಿ" ಅಂತಾರ. ಎರಡು ದಿನ ಅನ್ನ ಬಿಟ್ಟು ರೊಟ್ಟಿ ತಿಂದ್ರ ಆ ನಂಬರ್ ಇಳೀತದ್ರಿ. ನಮಗ ಬೇಕಾದ್ದು ಎಚ್‌ಬಿಎ1ಸಿ, ಅದು ಹಿಂದಿನ ಎರಡು ಮೂರು ತಿಂಗಳದ ಸರಾಸರಿ ಹೇಳ್ತದ. 7ರ ಕೆಳಗಿದ್ರ ಚಲೋ, 7ರಿಂದ 8ರ ನಡುವ ಇದ್ರ ಬಾಕಿ ಎಲ್ಲಾ ನೋಡಿ ವಿಚಾರ ಮಾಡಬೇಕು, 8 ದಾಟಿತಂದ್ರ ಮೊದಲ್ ಶುಗರ್ ಡಾಕ್ಟ್ರ ಹಂತ್ಯಾಕ ಹೋಗಿ ಇಳಸ್ಕೊಂಡು ಬರ್ರಿ, ಆತುರ ಇಲ್ಲ. ಸೇಡಂ ಕಡಿಂದ ಒಬ್ಬ ಕಾಕಾ ಬಂದಿದ್ರು, ಎಚ್‌ಬಿಎ1ಸಿ 10ರ ಮ್ಯಾಲ, ಮಗ ಪುಣೆದಾಗ ಇರ್ತಾನ, ದಸರಾಕ್ಕ ಬಂದಾನ, ಅವನಿದ್ದಾಗೇ ಮುಗಸ್ಬೇಕು ಅಂತ ಹಟ. ಮಗನಿಗೇ ಫೋನ್ ಕೊಡ್ಸಿ ತಿಳಿಸಿ ಹೇಳಿದ್ವಿ, ಆರು ತಿಂಗಳ ಬಿಟ್ಟು 7.2 ಮಾಡ್ಕೊಂಡು ಬಂದ್ರು, ಆಮ್ಯಾಲ ಹಾಕಿದ್ವಿ. ಆ ಆರು ತಿಂಗಳದಾಗ ಅವರ ವಸಡಿಂದ ರಕ್ತ ಬರೋದೂ ಕಮ್ಮಿ ಆಗಿತ್ತು. ಇನ್ನ ಒಂದು, ಇಂಪ್ಲಾಂಟ್ ಹಾಕಿದ ಮ್ಯಾಲ ಶುಗರಿನ ಕಂಟ್ರೋಲ್ ಬಿಟ್ರೂ ವರ್ಷಗಳ ಮ್ಯಾಲ ಬುಡದ ಎಲುಬು ಕರಗ್ತದ, ಆಪರೇಷನ್ ತನಕ ಅಷ್ಟೇ ಪಥ್ಯ ಅಂತ ತಿಳೀಬ್ಯಾಡ್ರಿ.

ಗುಟ್ಕಾ, ತಂಬಾಕು, ಬೀಡಿ ಬಿಡದೆ ಆಗಂಗಿಲ್ಲೇನು?

ಇದನ್ನ ನೇರ ಹೇಳ್ತೀನಿ, ಬಿಡದೆ ಮಾಡಿಸಬ್ಯಾಡ್ರಿ. ಬೀಡಿ ಸಿಗರೇಟ್ ಸೇದೋರಿಗೆ ಇಂಪ್ಲಾಂಟ್ ಫೇಲ್ ಆಗೋ ಸಂಭವ ಸೇದದೋರಿಗಿಂತ ಹೆಚ್ಚುಕಮ್ಮಿ ಎರಡು ಪಟ್ಟು. ನಿಕೋಟಿನ್ ರಕ್ತನಾಳ ಮುದುಡಿಸ್ತದ, ಹೊಗಿಯಾಗಿನ ಕಾರ್ಬನ್ ಮೊನಾಕ್ಸೈಡ್ ರಕ್ತದಾಗಿನ ಆಮ್ಲಜನಕದ ಜಾಗ ಹಿಡೀತದ, ಎರಡೂ ಸೇರಿ ಗಾಯ ಮಾಯೋದಕ್ಕ ಅಡ್ಡ. ವಸಡಿಗೆ ರಕ್ತ ಕಮ್ಮಿ ಹರಿಯೋದ್ರಿಂದ ಸೇದೋರಿಗೆ ವಸಡಿನ ರಕ್ತ ಸೋರೋದೂ ಕಮ್ಮಿ ಇರ್ತದ, ನನ್ನ ವಸಡು ಗಟ್ಟಿ ಅದ ಅಂತ ತಿಳ್ಕೊಂಡಿರ್ತಾರ, ಒಳಗ ಎಲುಬು ಹೋಗ್ಲತ್ತಿರ್ತದ.

ಗುಟ್ಕಾ ಅಡಿಕಿ ತಿನ್ನೋರದ್ದು ಇನ್ನೊಂದು ತ್ರಾಸ. ಅಡಿಕಿಯಿಂದ ಗಲ್ಲದ ಒಳಗಿನ ಚರ್ಮ ಬಿಳಚಿ ಗಟ್ಟಿ ಆಗಿ ಬಾಯಿ ತೆರೆಯೋದೇ ಕಮ್ಮಿ ಆಗ್ತದ, ಸಬ್‌ಮ್ಯೂಕಸ್ ಫೈಬ್ರೋಸಿಸ್ ಅಂತಾರ. ನಿಮ್ಮ ಮೂರು ಬೆರಳು ಒಂದರ ಮ್ಯಾಲ ಒಂದು ಇಟ್ರ ಬಾಯಾಗ ಹೋಗ್ತಾವೇನ್ ನೋಡ್ಕೊಳ್ರಿ. ಮೊನ್ನೆ ಒಬ್ಬ ಹುಡುಗ, ಲಾರಿ ಮ್ಯಾಲ ಕೆಲಸ, ಹಿಂದಿನ ಹಲ್ಲ್ ಹೋಗ್ಯಾವ ಇಂಪ್ಲಾಂಟ್ ಹಾಕ್ರಿ ಅಂದ, ಬಾಯಿ ತೆರೀಪಾ ಅಂದ್ರ ಎರಡು ಬೆರಳೂ ಸಡ್ಲಾಗಿ ಹೋಗವಲ್ಲು, ಗಲ್ಲ ಒಳಗ ಬೆರಳಿಟ್ರ ಹಗ್ಗದಂಥಾ ಗೀರು ಕೈಗೆ ಹತ್ತತಾವ. ಅಂಥಾ ಬಾಯಾಗ ಹಿಂದಕ ಡ್ರಿಲ್ಲೇ ನೆಟ್ಟಗ ಹಿಡೀಲಾಕ ಬರಂಗಿಲ್ಲ, ಆಮ್ಯಾಲ ತಿಕ್ಕೋದೂ ಆಗಂಗಿಲ್ಲ. ಅವನಿಗೆ ಇಂಪ್ಲಾಂಟಿನ ಮಾತು ಬಿಟ್ಟು ಮೊದಲ್ ಆ ರೋಗಕ್ಕ ತೋರಿಸ್ಲಾಕ ಕಳಿಸಿದ್ವಿ, ಯಾಕಂದ್ರ ಅದು ಕ್ಯಾನ್ಸರ್‌ಗೆ ತಿರುಗೋ ಹೆದರಿಕಿ ಇರ್ತದ.

ಇನ್ನ ಮಿಶ್ರಿ. ಹಳ್ಳಿ ಕಡಿ ಹೆಣ್ಮಕ್ಕಳು ಭಾಳ ಮಂದಿ ಹುರದ ತಂಬಾಕಿನ ಪುಡಿ ಹಲ್ಲಿಗೆ ತಿಕ್ತಾರ, "ನಾನು ತಂಬಾಕು ಮುಟ್ಟಂಗಿಲ್ಲ ಬರೇ ಮಿಶ್ರಿ ಹಚ್ತೀನಿ" ಅಂತಾರ. ಅವ್ವಾ, ಮಿಶ್ರೀನೂ ತಂಬಾಕೇ, ಅದ್ರಾಗೂ ನಿಕೋಟಿನ್ ಅದ, ಸೀದಾ ವಸಡಿಗೇ ಹಚ್ಚಿದಂಗ ಆಗ್ತದ. ಡಾಕ್ಟ್ರ ಮುಂದ ಮುಚ್ಚಿಡಬ್ಯಾಡ್ರಿ, ಬೈಯ್ಲಾಕ ಅಲ್ಲ, ಲೆಕ್ಕಕ್ಕ ಬೇಕು.

ಆಪರೇಷನ್‌ಕ್ಕ ಮೊದಲ್ ಕೆಲವು ವಾರ, ಆಮ್ಯಾಲ ಎಲುಬು ಹತ್ತೋತನಕ ತಿಂಗಳಗಟ್ಲೆ ಪೂರ್ತಿ ಬಿಟ್ರ ಫಾಯದಾ ಅದ. ಖಾಯಂ ಬಿಟ್ರ ಇಂಪ್ಲಾಂಟ್ ಅಷ್ಟೇ ಅಲ್ಲ ಜೀವನೂ ಉಳೀತದ. ಒಬ್ಬರಿಗೇ ಆಗವಲ್ದು ಅಂದ್ರ ಬಿಡಸ್ಲಾಕ ಗುಳಗಿ, ಚೂಯಿಂಗ್ ಗಮ್, ಕೌನ್ಸೆಲಿಂಗ್ ಎಲ್ಲಾ ಅವ, ಜಿಲ್ಲಾ ದವಾಖಾನ್ಯಾಗೂ ಕೇಳ್ರಿ.

ನನ್ನ ಹಲ್ಲ್ ಹುಳುಕಾಗಿ ಹೋಗಿಲ್ಲ, ಅಳ್ಳಾಡಿ ಅಳ್ಳಾಡಿ ಬಿದ್ದಾವ. ಇಂಪ್ಲಾಂಟಿಗೆ ಆ ರೋಗ ಬರಂಗಿಲ್ಲಲ್ಲ?

ಬರ್ತದ, ಹೆಸರು ಅಷ್ಟೇ ಬ್ಯಾರೆ. ಪಾಯೋರಿಯಾ (ವಸಡು ಕೆಟ್ಟು ಬುಡದ ಎಲುಬು ಕರಗಿ ಹಲ್ಲ್ ಅಳ್ಳಾಡೋ ರೋಗ) ಮಾಡೋ ಬ್ಯಾಕ್ಟೀರಿಯಾ ಹಲ್ಲ್ ಹೋದ್ರೂ ಬಾಯಾಗೇ ಇರ್ತಾವ, ಉಳದ ಹಲ್ಲಿನ ಬುಡದಿಂದ ಇಂಪ್ಲಾಂಟಿನ ಬುಡಕ್ಕ ದಾಟತಾವ. ಮತ್ತ ಇಂಪ್ಲಾಂಟಿಗೆ ಕಾವಲು ಕಮ್ಮಿ. ಹಲ್ಲಿನ ಬೇರಿಗೆ ವಸಡಿನ ನಾರು ಅಡ್ಡ ಬಂದು ನೇರ ಹೆಣಕೊಂಡಿರ್ತಾವ, ಇಂಪ್ಲಾಂಟಿನ ಸುತ್ತ ಅವು ಉದ್ದಕ್ಕ ಬಾಜೂಲೆ ಹೋಗ್ತಾವ, ಅದನ್ನ ಹಿಡದಿರಂಗಿಲ್ಲ, ರಕ್ತನಾಳನೂ ಕಮ್ಮಿ. ಹಿಂಗಾಗಿ ಸೋಂಕು ಒಮ್ಮೆ ಇಳೀತಂದ್ರ ಹಲ್ಲಿಗಿಂತ ಲಗೂ ಎಲುಬು ತಿಂತದ.

ಮೊದಲ್ ಬರೇ ವಸಡು ಕೆಂಪಾಗಿ ರಕ್ತ ಬರ್ತದ, ಇದು ಮ್ಯೂಕೋಸೈಟಿಸ್, ಕ್ಲೀನ್ ಮಾಡಿದ್ರ ತಿರುಗಿ ಸರಿ ಆಗ್ತದ. ಇದನ್ನ ಬಿಟ್ರ ಎಲುಬು ಕರಗೋ ಪೆರಿ ಇಂಪ್ಲಾಂಟೈಟಿಸ್, ಅಲ್ಲಿ ಹೋದ ಎಲುಬು ತಾನಾಗಿ ವಾಪಸ್ ಬರಂಗಿಲ್ಲ. ಅದಕ್ಕ ಪಾಯೋರಿಯಾ ಇದ್ದೋರು ಮೊದಲ್ ವಸಡಿನ ಇಲಾಜ್ ಪೂರ್ತಿ ಮುಗಸಿ, ರಕ್ತ ಬರೋದು ನಿಂತ ಮ್ಯಾಲೇ ಇಂಪ್ಲಾಂಟಿಗೆ ಬರಬೇಕು. ಇಂಪ್ಲಾಂಟಿನ ಸುತ್ತ ಗಟ್ಟಿ ವಸಡು ಕನಿಷ್ಠ 2 ಮಿಲಿಮೀಟರ್ ಇದ್ರ ತಿಕ್ಕುವಾಗ ಉರಿಯಂಗಿಲ್ಲ, ಇಲ್ಲಂದ್ರ ಬಾಯಿ ಮ್ಯಾಲಿನ ಅಂಗುಳದಿಂದ ಸಣ್ಣ ತುಂಡು ವಸಡು ತಗದು ಹಚ್ಚೋದೂ ಅದ. ಕ್ಯಾಪ್ ಸಿಮೆಂಟ್ ಹಾಕಿ ಕೂಡಿಸಿದ್ರ ಹೆಚ್ಚಾದ ಸಿಮೆಂಟ್ ವಸಡಿನ ಕೆಳಗ ಉಳೀಬಾರದು, ಅಲ್ಲಿಂದಲೂ ಇದೇ ರೋಗ ಶುರು ಆಗ್ತದ, ಕೂಡಿಸಿದ ಮ್ಯಾಲ ಒಂದು ಎಕ್ಸ್‌ರೇ ತಗೀತಾರ ಯಾಕಂತ ಈಗ ತಿಳೀತಲ್ಲ.

ಹಾಕುವಾಗ ಡಾಕ್ಟ್ರ ಕೈ ಮ್ಯಾಲ ಏನೇನ್ ನಿಂತದ?

ಭಾಳ ನಿಂತದ. ಎಲ್ಲಾಕಿಂತ ಮೊದಲ್ ಬಿಸಿ. ಎಲುಬಿನ ಕೋಶ 47 ಡಿಗ್ರಿ ಬಿಸಿ ಒಂದು ನಿಮಿಷ ತಾಳಿದ್ರ ಸಾಯ್ಲಾಕ ಶುರು ಅಂತ 1983ರಾಗೇ ತೋರಿಸ್ಯಾರ, ನಮ್ಮ ಕಲಬುರಗಿ ಮೇ ತಿಂಗಳ ಗಾಳೀನೇ 43, 44 ಮುಟ್ತದ ಅಂದ್ರ 47 ಎಷ್ಟು ಹಂತ್ಯಾಕ ಅದ ನೋಡ್ರಿ. ಡ್ರಿಲ್ ಮೊಂಡಾಗಿದ್ರ, ಜೋರಾಗಿ ಒತ್ತಿದ್ರ, ತಣ್ಣನ್ ಸಲೈನ್ ಸರಿ ಬೀಳ್ಲಾರದಿದ್ರ ಒಳಗ ಎಲುಬು ಸುಡ್ತದ, ಸುಟ್ಟ ಎಲುಬು ಇಂಪ್ಲಾಂಟ್ ಹಿಡಿಯಂಗಿಲ್ಲ. ನಿಮಗ ಮಾತ್ರ ಏನೂ ಗೊತ್ತಾಗಂಗಿಲ್ಲ, ಮರಗಟ್ಟಿಸಿರ್ತಾರ. ಅದಕ್ಕ ಒಮ್ಮೆಲೇ ದಪ್ಪ ಡ್ರಿಲ್ ಹಾಕದೆ ಸಣ್ಣದರಿಂದ ಒಂದೊಂದೇ ಮೆಟ್ಟಿಲು ದೊಡ್ಡದು ಮಾಡ್ಕೋತ ಹೋಗ್ತಾರ, ನಡುನಡುವ ಮ್ಯಾಲ ಎತ್ತಿ ನೀರು ಬಿಡ್ತಾರ.

ಆಮ್ಯಾಲ ಸ್ವಚ್ಛತಾ, ಆಟೋಕ್ಲೇವ್ ಮಾಡಿದ, ಅಂದ್ರ ಬಿಸಿ ಹಬಿಯಾಗ ಇಟ್ಟು ಕ್ರಿಮಿ ಕೊಂದ ಸಾಮಾನು. ಆಪರೇಷನ್‌ಕ್ಕ ಒಂದು ತಾಸು ಮೊದಲ್ ಒಂದೇ ಡೋಸ್ ಆಂಟಿಬಯೋಟಿಕ್ ಕೊಟ್ರ ಮೊದಮೊದಲ ಫೇಲ್ ಆಗೋದು ಕಮ್ಮಿ ಆಗ್ತದ ಅನ್ನೋದಕ್ಕ ಸಾಕ್ಷಿ ಅದ, ಅದನ್ನ ನಿಮ್ಮ ಡಾಕ್ಟ್ರೇ ಹೇಳಬೇಕು, ಮೆಡಿಕಲ್‌ದಾಗ ನೀವೇ ತಗೊಂಡು ನುಂಗಬ್ಯಾಡ್ರಿ, ಕೆಲವರಿಗೆ ಪೆನ್ಸಿಲಿನ್ ಆಗಿಬರಂಗಿಲ್ಲ. ಮತ್ತ ಯಾವ ಕೋನದಾಗ, ಎಷ್ಟು ಆಳಕ್ಕ ಕೂಡಿಸ್ತಾರ ಅನ್ನೋದು. ಸೊಟ್ಟ ಕೂತ್ರ ಮ್ಯಾಲಿನ ಕ್ಯಾಪ್ ಮ್ಯಾಲ ಭಾರ ಅಡ್ಡ ಬೀಳ್ತದ, ಇಂಪ್ಲಾಂಟಿಗೆ ನೆಟ್ಟಗ ಬೀಳೋ ಭಾರ ಸಹನ ಆಗ್ತದ, ಅಡ್ಡ ಭಾರ ಅಷ್ಟು ಆಗಂಗಿಲ್ಲ.

"3 ದಿನದಾಗ ಹಲ್ಲ್" ಅಂತ ಜಾಹೀರಾತು ನೋಡಿದ್ವಿ. ಖರೇ ಏನು?

ಕೆಲವರಿಗೆ ಖರೆ, ಎಲ್ಲರಿಗೂ ಅಲ್ಲ. ಹಾಕಿದ ದಿನ ಇಂಪ್ಲಾಂಟ್ ನಿಂದರೋದು ಬರೇ ಬಿಗಿತನದ ಮ್ಯಾಲ. ದಿನ ಹೋದಂಗ ಸುತ್ತಲ ಹಳೇ ಎಲುಬು ಜರಾ ಕರಗ್ತದ, ಹೊಸ ಎಲುಬು ಇನ್ನೂ ಕಟ್ಟಿರಂಗಿಲ್ಲ, ಹಿಂಗಾಗಿ 2ರಿಂದ 4 ವಾರದ ನಡುವ ಇಂಪ್ಲಾಂಟ್ ಹಾಕಿದ ದಿನಕ್ಕಿಂತ ಸಡ್ಲ ಇರ್ತದ. ಪೇಷಂಟಿಗೆ ಆವಾಗ ನೋವು ಬಾವು ಎಲ್ಲಾ ಹೋಗಿ ಆರಾಮ ಅನಸ್ತಿರ್ತದ, ಅದೇ ಟೈಮಿನ್ಯಾಗ ಗಟ್ಟಿ ತಿಂದು ಕೆಡಿಸ್ಕೊಳ್ಳೋರು ಹೆಚ್ಚು. ಎಲುಬಿನೊಳಗ ಇಂಪ್ಲಾಂಟ್ 100, 150 ಮೈಕ್ರಾನ್‌ಕಿಂತ ಹೆಚ್ಚು ಅಲುಗಿದ್ರ, ಅಂದ್ರ ಒಂದೆರಡು ತಲೀ ಕೂದಲಿನ ದಪ್ಪದಷ್ಟು, ಅಲ್ಲಿ ಎಲುಬು ಕಟ್ಟೋ ಬದಲಿ ನಾರು ಕಟ್ತದ. ನಾರು ಕಟ್ತಂದ್ರ ಮುಗೀತು.

ಹಂಗಾಗಿ ಕೂಡಲೇ ಹಲ್ಲ್ ಹಾಕಬೇಕಂದ್ರ ತಿರುಗಿಸುವಾಗ ಸುಮಾರು 35 ನ್ಯೂಟನ್ ಸೆಂಟಿಮೀಟರ್ (ತಿರುಗಿಸೋ ಬಲದ ಅಳತಿ) ಬಿಗಿ ಬರಬೇಕು, ಅಥವಾ ಕಂಪನದ ಮಷೀನಿನ್ಯಾಗ ಅಳದ್ರ 100ಕ್ಕ 70ರ ಆಸುಪಾಸು ಬರಬೇಕು, ಹಾಕಿದ ಹಲ್ಲಿಗೆ ಎದುರಿನ ಹಲ್ಲ್ ಜೋರಾಗಿ ತಾಕಬಾರದು. ಪೂರ್ತಿ ದವಡಿಗೆ ನಾಕಾರು ಇಂಪ್ಲಾಂಟ್ ಒಂದಕ್ಕೊಂದು ಜೋಡಿಸಿ ಕಟ್ಟಿದ್ರ ಭಾರ ಹಂಚಿಕೊಳ್ತಾವ, ಅಲ್ಲಿ ಕೂಡಲೇ ಹಲ್ಲ್ ಕೊಡೋದು ನಡೀತದ. ಒಂಟಿ ಹಿಂದಿನ ಹಲ್ಲಿಗೆ, ಮೆತ್ತನ್ ಎಲುಬಿಗೆ, ಪುಡಿ ತುಂಬಿದ ಜಾಗಕ್ಕ ಕಾಯೋದೇ ಚಲೋ. ಬ್ರೋನೆಮಾರ್ಕ್ ಕಾಲದಾಗ ಕೆಳಗ 3 ತಿಂಗಳ, ಮ್ಯಾಲ 6 ತಿಂಗಳ ಕಾಯ್ತಿದ್ರು, ಈಗ ಚಲೋ ಎಲುಬಿದ್ರ 6ರಿಂದ 12 ವಾರದಾಗ ಆಗ್ತದ. ಮದಿವಿ ಮುಹೂರ್ತ ನೋಡಿ ಇಂಪ್ಲಾಂಟ್ ದಿನ ಗೊತ್ತು ಮಾಡಬ್ಯಾಡ್ರಿ, ಮದಿವಿಗೆ ಬೇಕಂದ್ರ ತಗದಿಡೋ ಹಲ್ಲ್ ಮಾಡಿ ಕೊಡ್ತಾರ.

ಹಾಕಿಸ್ಕೊಂಡ ಮ್ಯಾಲ ಖಡಕ್ ರೊಟ್ಟಿ ತಿನ್ಬಹುದಾ?

ಎಲುಬು ಹತ್ತಿ ಖಾಯಂ ಕ್ಯಾಪ್ ಕೂತ ಮ್ಯಾಲ ತಿನ್ರಿ, ರೊಟ್ಟಿ ಬಿಡ್ರಿ ಅಂತ ನಮ್ ಕಡಿ ಹೇಳಿದ್ರ ಯಾರ್ ಕೇಳ್ತಾರ. ಮೊದಲ್ನೇ ವಾರಗಳಾಗ ಮಾತ್ರ ಗಂಜಿ, ಮೆತ್ತನ್ ಅನ್ನ, ಬ್ಯಾಳಿ, ಮೊಸರು, ರೊಟ್ಟಿ ತಿನ್ಲೇಬೇಕಂದ್ರ ಬಿಸಿ ರೊಟ್ಟಿ ಹಾಲಿನ್ಯಾಗ ನೆನಸಿ. ಶೇಂಗಾ ಹಿಂಡಿ ಗಾಯದಾಗ ಸಿಕ್ಕೊಳ್ತದ, ಆವಾಗ ಬ್ಯಾಡ.

ಖಾಯಂ ಆದ ಮ್ಯಾಲೂ ಒಂದು ಗೊತ್ತಿರ್ಲಿ. ಹಲ್ಲಿನ ಬೇರಿಗೂ ಎಲುಬಿಗೂ ನಡುವ ಸುಮಾರು 0.2 ಮಿಲಿಮೀಟರ್ ದಪ್ಪದ ನಾರಿನ ಪದರ ಇರ್ತದ, ಭಾರ ಬಿದ್ರ ಜರಾ ತಗ್ಗತದ, ಕಲ್ಲು ಕಡದ್ರ ಕೂಡ್ಲೇ ಮೆದುಳಿಗೆ ಸುದ್ದಿ ಮುಟ್ಟಿಸ್ತದ. ಇಂಪ್ಲಾಂಟಿಗೆ ಆ ಪದರ ಇಲ್ಲ, ಭಾರ ಸೀದಾ ಎಲುಬಿಗೆ, ಎಷ್ಟ್ ಜೋರ್ ಕಡೀಲತ್ತೀವಿ ಅನ್ನೋ ಅರಿವೂ ಕಮ್ಮಿ. ಹಂಗಾಗಿ ಕಬ್ಬು ಸೀಳೋದು, ಎಲುಬು ಕಡಿಯೋದು, ಸೋಡಾ ಬಾಟ್ಲಿ ತೆರೆಯೋದು ಇವು ಬ್ಯಾಡ. ರಾತ್ರಿ ನಿದ್ದಿಯಾಗ ಹಲ್ಲ್ ಕಡಿಯೋ ಚಟ ಇದ್ರ, ಅದು ನಿಮಗಿಂತ ಮನಿಯೋರಿಗೆ ಹೆಚ್ಚು ಗೊತ್ತಿರ್ತದ, ಅವರನ್ನ ಕೇಳ್ರಿ, ಇದ್ರ ನೈಟ್ ಗಾರ್ಡ್ ಮಾಡಸ್ರಿ. ಕಡಿಯೋರಿಗೆ ಕ್ಯಾಪ್ ಒಡೆಯೋದು, ಸ್ಕ್ರೂ ಸಡ್ಲಾಗೋದು ಭಾಳ.

ನಮ್ಮೂರ ಬೋರ್ ನೀರಿನ್ಯಾಗ ಫ್ಲೋರೈಡ್ ಅದ, ಹಲ್ಲ್ ಎಲ್ಲಾ ಕಂದು ಆಗ್ಯಾವ. ಇಂಪ್ಲಾಂಟಿಗೂ ತ್ರಾಸ ಆಗ್ತದಾ?

ಯಾದಗಿರಿ, ಕಲಬುರಗಿ ಜಿಲ್ಲಾದ ಭಾಳ ಹಳ್ಳಿಯಾಗ ಈ ತ್ರಾಸ ಅದ. ಕುಡಿಯೋ ನೀರಿನ್ಯಾಗ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಹಲ್ಲ್ ಕಂದಾಗೋದು ಸಣ್ಣವರಿದ್ದಾಗ ಎನಾಮೆಲ್ ಕಟ್ಟುವಾಗ ಆದದ್ದು, ಇಂಪ್ಲಾಂಟಿಗೆ ಎನಾಮೆಲ್ಲೇ ಇಲ್ಲ, ಹಂಗಾಗಿ ಅದು ಕಂದಾಗಂಗಿಲ್ಲ. ಆದ್ರ ಸೊಂಟ, ಮೊಣಕಾಲು ಬಿಗಿದು ಎಲುಬಿಗೇ ಫ್ಲೋರೋಸಿಸ್ ಆಗಿದ್ರ ಎಲುಬು ನೋಡ್ಲಾಕ ಗಟ್ಟಿ, ಆದ್ರ ಲಗೂ ಮುರಿಯೋಹಂಗ ಇರ್ತದ, ಅದನ್ನ ಡಾಕ್ಟ್ರಿಗೆ ಮೊದಲೇ ಹೇಳ್ರಿ. ಪೇಸ್ಟಿನ್ಯಾಗಿನ ಫ್ಲೋರೈಡ್ ನಡೀತದ, ಆಸಿಡ್ ಇರೋ ಜೋರ್ ಫ್ಲೋರೈಡ್ ಜೆಲ್ ಮಾತ್ರ ಟೈಟೇನಿಯಂ ಮೈ ಕೆಡಿಸಬಹುದು.

ವಯಸ್ಸು 70 ಆಗ್ಯಾದ, ತಡ ಆಯ್ತಾ?

ಇಲ್ರಿ. ವಯಸ್ಸಿಗಿಂತ ಆರೋಗ್ಯ ಮುಖ್ಯ. ಸಣ್ಣ ವಯಸ್ಸೇ ಅಡ್ಡಿ, ದವಡಿ ಬೆಳೆಯೋದು ನಿಂದರೋ ಮೊದಲ್, ಅಂದ್ರ 18ರ ಒಳಗ ಹಾಕಿದ್ರ ಬಾಜೂದ ಹಲ್ಲ್ ಬೆಳದು ಇಳೀತಾವ, ಇಂಪ್ಲಾಂಟ್ ಅಲ್ಲೇ ಉಳೀತದ.

ಯಾವ್ಯಾವ ಗುಳಗಿ ತಗೋತಿದ್ರ ಮೊದಲೇ ಹೇಳಬೇಕು?

ಎಲ್ಲಾ. ಅದ್ರಾಗ ಎಲುಬು ಸವೆತಕ್ಕ ವಾರಕ್ಕೊಮ್ಮೆ ತಗೊಳ್ಳೋ ಅಲೆಂಡ್ರೊನೇಟ್, ವರ್ಷಕ್ಕೊಮ್ಮೆ ಸಲೈನ್‌ದಾಗ ಏರಿಸೋ ಜೋಲೆಡ್ರೊನಿಕ್ ಆಸಿಡ್, 6 ತಿಂಗಳಿಗೊಮ್ಮೆ ಚುಚ್ಚೋ ಡೆನೋಸುಮ್ಯಾಬ್, ಇವನ್ನ ಮರೀದೆ ಹೇಳ್ರಿ. ಇವು ಎಲುಬು ಕರಗೋದು ತಡೀತಾವ, ಅದರ ಜೋಡಿ ಎಲುಬು ಹೊಸದಾಗೋದೂ ನಿಧಾನ ಆಗ್ತದ, ಕೆಲವರಿಗೆ ದವಡಿ ಎಲುಬು ಸತ್ತು ಹೊರಗ ಕಾಣೋ ಹಂತಕ್ಕೂ ಹೋಗ್ತದ. ಕ್ಯಾನ್ಸರ್‌ಗೆ ಹೆಚ್ಚು ಡೋಸ್ ತಗೊಂಡೋರಿಗೆ ಈ ಅಪಾಯ ಭಾಳ, ಅವರಿಗೆ ಇಂಪ್ಲಾಂಟ್ ಬ್ಯಾಡಂತ್ಲೇ ಹೇಳ್ತಾರ. ವಾರದ ಗುಳಗಿಯೋರಿಗೆ ಅಪಾಯ ಕಮ್ಮಿ, ಆದ್ರ ಗೊತ್ತಿರಬೇಕು. ನಮ್ಮ ಅಮ್ಮಂದಿರು "ಮೊಣಕಾಲಿಂದ್ ಸೂಜಿ, ಹಲ್ಲಿಗೇನ್ ಸಂಬಂಧ" ಅಂತ ಹೇಳಂಗೇ ಇಲ್ಲ, ಮಕ್ಕಳು ಚೀಟಿ ಹುಡುಕಿ ತರ್ರಿ.

ಬಾಯಿ, ಗಂಟಲಿನ ಕ್ಯಾನ್ಸರ್‌ಗೆ ಕರೆಂಟ್ (ರೇಡಿಯೇಷನ್) ಕೊಡಿಸಿದ್ರ ಎಷ್ಟು ಕೊಟ್ಟಾರ, ಎಲ್ಲಿ ಕೊಟ್ಟಾರ ಅನ್ನೋ ಕಾಗದ ಬೇಕು, 50 ಗ್ರೇ (ರೇಡಿಯೇಷನ್ನಿನ ಅಳತಿ) ದಾಟಿದ ಎಲುಬಿನ್ಯಾಗ ಗಾಯ ಮಾಯೋದು ಕಷ್ಟ. ರಕ್ತ ತೆಳ್ಳಗ ಮಾಡೋ ಗುಳಗಿ ನಿಮ್ಮಷ್ಟಕ್ಕ ನೀವೇ ಬಿಡಬ್ಯಾಡ್ರಿ, ಹಾರ್ಟಿನ ಡಾಕ್ಟ್ರನ್ನ ಕೇಳದೆ ಬಿಟ್ಟು ಜೀವಕ್ಕ ಕುತ್ತು ತರೋದಕ್ಕಿಂತ ಜರಾ ಹೆಚ್ಚು ರಕ್ತ ಬರೋದು ಸಂಭಾಳಸ್ಬಹುದು. ಮನಸ್ಸಿನ ಖಿನ್ನತೆಗೆ ಕೊಡೋ ಕೆಲವು ಗುಳಗಿ, ಹೊಟ್ಟಿ ಉರಿಗೆ ವರ್ಷಗಟ್ಲೆ ತಗೊಳ್ಳೋ ಗ್ಯಾಸಿನ ಗುಳಗಿ, ಇವುಗಳ ಜೋಡೀನೂ ಇಂಪ್ಲಾಂಟ್ ಫೇಲ್ ಆಗೋದು ಜರಾ ಹೆಚ್ಚು ಕಂಡದ, ಅದಕ್ಕ ಇವನ್ನೂ ಹೇಳ್ರಿ.

ಬ್ಯಾಸಗಿಯಾಗ ಮಾಡಿಸಿದ್ರ ಕೀವು ಆಗ್ತದ ಅಂತಾರ?

ಕಾಲಕ್ಕೂ ಇದಕ್ಕೂ ಸಂಬಂಧ ಇಲ್ಲ. ನೀರು ಚಲೋ ಕುಡೀರಿ, ಎರಡು ಮೂರು ದಿನ ಬಿಸಲಾಗ ಹೊಲದ ಕೆಲಸ ಬ್ಯಾಡ, ಅಷ್ಟೇ.

ಫೇಲ್ ಆಗ್ಲತ್ತದ ಅಂತ ನಮಗ ಹ್ಯಾಂಗ ಗೊತ್ತಾಗ್ತದ?

ಬರೋ ಹೊತ್ತು ಎರಡು ನಮೂನಿ. ಮೊದಲ್ನೇ ಕೆಲವು ತಿಂಗಳದಾಗ ಆದ್ರ ಎಲುಬು ಹತ್ತೇ ಇಲ್ಲ ಅಂತ ಅರ್ಥ, ಕಾರಣ ಸುಟ್ಟ ಎಲುಬು, ಸೋಂಕು, ಅಲುಗಾಟ, ತಂಬಾಕು, ಶುಗರ್ ಇಂಥಾವು, ಒತ್ತಿದ್ರ ನೋವು ಬರ್ತದ, ಜರಾ ತಿರುಗ್ತದ. ವರ್ಷಗಳ ಮ್ಯಾಲ ಆದ್ರ ಹೊಲಸು ಕೂತು ಎಲುಬು ಕರಗಿದ್ದು, ಇಲ್ಲಾ ಭಾರ ಹೆಚ್ಚಾಗಿದ್ದು. ಇದ್ರಾಗ ಮೋಸ ಏನಂದ್ರ ಕಡೀತನಕ ನೋವೇ ಬರಂಗಿಲ್ಲ, ಇಂಪ್ಲಾಂಟಿಗೆ ನರ ಇಲ್ಲಲ್ಲ. ತಿಕ್ಕುವಾಗ ರಕ್ತ, ಬಾಯಿ ವಾಸನಿ, ವಸಡು ಒತ್ತಿದ್ರ ಕೀವು, ವಸಡು ಇಳದು ಲೋಹ ಕಾಣೋದು, ಇಷ್ಟ್ರಾಗ ಒಂದು ಕಂಡ್ರೂ ಹೋಗಿ ತೋರಸ್ರಿ. ಅಳ್ಳಾಡಿದ್ರ ಎರಡು ಇರಬಹುದು, ಮ್ಯಾಲಿನ ಸ್ಕ್ರೂ ಸಡ್ಲಾಗಿದ್ರ ಬಿಗಿ ಮಾಡಿದ್ರ ಮುಗೀತು, ಇಂಪ್ಲಾಂಟೇ ಅಳ್ಳಾಡಿದ್ರ ತಗೀಲೇಬೇಕು. ಯಾವುದಂತ ಮನ್ಯಾಗ ಕುಂತು ತಿಳಿಯಂಗಿಲ್ಲ.

ದಿನಾ ಏನ್ ಮಾಡಬೇಕು?

ಮೆತ್ತನ್ ಬ್ರಶ್‌ಲೆ ದಿನಕ್ಕ ಎರಡು ಹೊತ್ತು, ಕ್ಯಾಪ್ ಮತ್ತ ವಸಡು ಕೂಡೋ ಗೆರಿ ಮ್ಯಾಲ. ಅದರಕಿಂತ ಮುಖ್ಯ ಸಂದಿ ತಿಕ್ಕೋ ಸಣ್ಣ ಬ್ರಶ್, ಬಾಟ್ಲಿ ತೊಳೆಯೋ ಬ್ರಶ್ಶಿನ ಆಕಾರದ್ದು ಮೆಡಿಕಲ್‌ದಾಗ ಸಿಗ್ತದ, ಸಂದಿಗೆ ಕೂಡೋ ಅಳತಿ ಡಾಕ್ಟ್ರು ತೋರಸ್ತಾರ. ಕ್ಯಾಪ್ ಕೂತ ದಿನ ಒಂದು ಎಕ್ಸ್‌ರೇ ತಗದು ಇಟ್ಕೊಳ್ರಿ, ಮುಂದ ಎಲುಬು ಎಷ್ಟು ಇಳದದ ಅಂತ ಹೇಳ್ಲಾಕ ಹೋಲಿಸ್ಲಾಕ ಅದೇ ಬೇಕು. ಆಮ್ಯಾಲ 6 ತಿಂಗಳಿಗೊಮ್ಮೆ ಚೆಕಪ್, ಪಾಯೋರಿಯಾ, ಶುಗರ್ ಇದ್ದೋರು 3, 4 ತಿಂಗಳಿಗೊಮ್ಮೆ. ನೋವಿಲ್ಲ ಅಂತ ಹೋಗದೆ ಇರೋದೇ ಎಲ್ಲಾಕಿಂತ ದೊಡ್ಡ ನುಕ್ಸಾನಿ.

ಒಮ್ಮೆ ಫೇಲ್ ಆದ್ರ ಮತ್ತ ಹಾಕಬಹುದಾ?

ಹಾಕಬಹುದು, ಗುಳಿ ಮಾಯ್ಲಾಕ ಕೆಲವು ತಿಂಗಳ ಬಿಟ್ಟು, ಬೇಕಾದ್ರ ಎಲುಬು ತುಂಬಿ. ಎರಡ್ನೇ ಸಲಕ್ಕ ನಿಂದರೋ ಸಂಭವ ಮೊದಲ್ನೇದಕಿಂತ ಜರಾ ಕಮ್ಮಿ. ಮೊದಲ್ನೇದು ಯಾಕ ಹೋಯ್ತು ಅಂತ ಹುಡುಕದೆ ಬರೇ ಕಂಪನಿ ಬದಲಿ ಮಾಡಿ ಹಾಕಿದ್ರ ಅದೂ ಅದೇ ದಾರಿ ಹಿಡೀತದ.

ಇಲ್ಲೇ ಮಾಡಿಸ್ಬೇಕಾ, ಹೈದರಾಬಾದ್ ಸೋಲಾಪುರಕ್ಕ ಹೋಗ್ಬೇಕಾ?

ಇಲ್ಲೇ ಆಗ್ತದ. ಕಲಬುರಗಿಯಾಗ ಎಚ್‌ಕೆಇ ಸೊಸೈಟಿಯ ಎಸ್. ನಿಜಲಿಂಗಪ್ಪ ದಂತ ಕಾಲೇಜ್, ಅಲ್ ಬದರ್ ದಂತ ಕಾಲೇಜ್, ಇಎಸ್‌ಐಸಿ ದಂತ ಕಾಲೇಜ್ ಅವ, ಬೀದರದಾಗ ಎಸ್.ಬಿ. ಪಾಟೀಲ್ ದಂತ ಕಾಲೇಜ್ ಅದ. ಕಾಲೇಜಿನ್ಯಾಗ ವಸಡು ನೋಡೋರು, ಆಪರೇಷನ್ ಮಾಡೋರು, ಹಲ್ಲ್ ಕಟ್ಟೋರು ಒಂದೇ ಕಟ್ಟಡದಾಗ ಸಿಗ್ತಾರ, ನಿಮಗ ಶುಗರ್ ಪಾಯೋರಿಯಾ ಎರಡೂ ಇದ್ರ ಅದು ಭಾಳ ಅನುಕೂಲ. ದೂರದ ಊರಾಗ ಹಾಕಿಸ್ಕೊಂಡ್ರ ಹಾಕೋದು ಒಂದೆರಡು ಸಲದಾಗ ಮುಗೀತದ, 6 ತಿಂಗಳಿಗೊಮ್ಮೆ ಚೆಕಪ್‌ಗೆ ಬಸ್ಸು ಟ್ರೇನ್ ಹತ್ತಿ ಹೋಗ್ತೀರಾ ಅಂತ ಮನಿಯಾಗ ಕೂತು ವಿಚಾರ ಮಾಡ್ರಿ.

ಮೊದಲ್ನೇ ಸಲ ತೋರಿಸ್ಲಾಕ ಬರುವಾಗ ಏನೇನ್ ತರಬೇಕು?

ತಗೊಳ್ಳೋ ಗುಳಗಿ ಎಲ್ಲಾ, ಚೀಟಿ ಇಲ್ಲಂದ್ರ ಗುಳಗಿ ಹಾಳಿನೇ ಚೀಲದಾಗ ಹಾಕ್ಕೊಂಡು ಬರ್ರಿ. 3 ತಿಂಗಳದೊಳಗಿನ ಎಚ್‌ಬಿಎ1ಸಿ ರಿಪೋರ್ಟ್. ಹಳೇ ಹಲ್ಲಿನ ಎಕ್ಸ್‌ರೇ ಇದ್ರ ಅದು. ಬರೋ ಮುಂಜಾನಿ ಊಟ ಬಿಡೋದು ಬ್ಯಾಡ, ಶುಗರಿನ ಗುಳಗಿ ತಗೊಂಡು ನಾಷ್ಟಾ ಮಾಡ್ಕೊಂಡೇ ಬರ್ರಿ, ಆ ದಿನ ಬರೇ ನೋಡೋದು ಅಳಿಯೋದು ಇರ್ತದ.